ಬಗೀಚಾಕ್ಕೆ ದವಾ ಹೊಡೆದ ವರ್ಷ

ಆಗೆಲ್ಲ ನಮಗೆ ಹಸಿವಾದರೆ ಮನೆಗೇ ಓಡಿ ಬರಬೇಕೆಂಬ ನಿಯಮ ಇರಲಿಲ್ಲ. ಹುಮನಾಬಾದಿನ ನಮ್ಮ ಓಣಿಯ ತುದಿಗೆ ಬಗೀಚಾ ಇತ್ತು. ಗೇಟಿನ ಫಲಕದ ಮೇಲೆ ‘ಉದ್ಯಾನವನ’ ಎಂದು ಬರೆಸಿದ್ದರು, ಆದರೆ ಹಾಗೆ ಕರೆದವರನ್ನು ನಾನಂತೂ ಕಾಣೆ. ಒಳಗೆ ಹಳೆಯ ಹುಣಸೆ ಮರಗಳು, ಒಂದು ಬೇವು, ತಿರುಗುವುದನ್ನು ಎಂದೋ ಬಿಟ್ಟಿದ್ದ ಕಬ್ಬಿಣದ ಚಕ್ರ, ಮೂಲೆಯಲ್ಲಿ ಸದಾ ಸೋರುವ ನಳ. ಶಾಲೆ ಬಿಟ್ಟೊಡನೆ ಪಾಟೀಚೀಲ ಎಸೆದು ಅಲ್ಲಿಗೆ ಓಡಿದರೆ ಗಿಡಮಂಗನಾಟ ಆಡುತ್ತ, ಉಪ್ಪು ಖಾರ ಹಚ್ಚಿದ ಹುಣಸೆಕಾಯಿ ಚೀಪುತ್ತ, ದೀಪ ಹಚ್ಚುವ ಹೊತ್ತಿಗೆ ಹಲ್ಲು ಜುಂ ಎನ್ನುತ್ತಿದ್ದಂತೆ ಮನೆ ಸೇರುತ್ತಿದ್ದೆವು.

ಅಪ್ಪನ ತಾಯಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಬಸವಕಲ್ಯಾಣದ ಕಡೆಯ ಹೊಲಮನೆಯಲ್ಲಿ ಹುಟ್ಟಿ, ಹೊಲವಿಲ್ಲದ ಮನೆಗೆ ಸೊಸೆಯಾಗಿ ಬಂದವಳು. ಆ ಕೊರತೆಯನ್ನು ಆಕೆ ಬಗೀಚಾದಲ್ಲಿ ತೀರಿಸಿಕೊಳ್ಳುತ್ತಿದ್ದಳು. ನಳದ ಸುತ್ತ ತಾನಾಗಿ ಹುಟ್ಟಿದ ರಾಜಗಿರಿ, ಗೋಳಿ ಪಲ್ಲೆ, ಕಿರಕಸಾಲಿ ಸೊಪ್ಪುಗಳೆಲ್ಲವನ್ನೂ ಸೆರಗಿಗೆ ಕಿತ್ತು ತಂದು, ಬಳ್ಳೊಳ್ಳಿ ಒಗ್ಗರಣೆ ಹಾಕಿ, ಬಿಸಿ ರೊಟ್ಟಿಯ ಮೇಲೆ ಬಡಿಸುತ್ತಿದ್ದಳು. ಆ ವಾಸನೆಗೆ ಪಕ್ಕದ ಮನೆಯ ನೂರ್ ಭಾಬಿ ಗೋಡೆಯ ಮೇಲಿಂದಲೇ ಬಟ್ಟಲು ಚಾಚುತ್ತಿದ್ದಳು.

ನಾನು ಹುಟ್ಟಾ ಅಂಜುಬುರುಕಿ. ನಾಯಿ, ಗುಡುಗು, ಗಣಿತದ ಮಾಸ್ತರು, ನೀರಿನ ಟಾಕಿಯ ಒಳಗಿನ ಕತ್ತಲೆ, ಎಲ್ಲದಕ್ಕೂ ನನ್ನ ಎದೆಯಲ್ಲಿ ಜಾಗವಿತ್ತು. ‘ಸುವ್ವಿ ತನ್ನ ನೆರಳಿಗೂ ಸಲಾಂ ಹೊಡಿತಾಳ’ ಎಂದು ಓಣಿಯೇ ನಗುತ್ತಿತ್ತು. ಆದರೆ ನಾನು ನಾಲ್ಕನೇ ಇಯತ್ತೆಯಲ್ಲಿದ್ದ ಆ ಚಳಿಗಾಲದಲ್ಲಿ ಅಂಜಿದ್ದು ನಾನೊಬ್ಬಳೇ ಅಲ್ಲ.

ಆ ವರ್ಷ ದೀಪಾವಳಿಗೆ ಮೊದಲೇ ಓಣಿಯಲ್ಲಿ ಸೊಳ್ಳೆ ಜ್ವರ ಹೊಕ್ಕಿತ್ತು. ಮನೆಗೊಬ್ಬರು ಕಂಬಳಿ ಹೊದ್ದು ಮಲಗಿದ್ದರು. ಸೊಳ್ಳೆಗೆ ದವಾ ಹೊಡೆಸಿ ಎಂದು ಹೆಂಗಸರು ಕಂಡವರನ್ನೆಲ್ಲ ಕೇಳಿಕೊಂಡಿದ್ದರು. ಹೀಗಿರುವಾಗ ಒಂದು ಮುಂಜಾನೆ ಬೆನ್ನಿಗೆ ಪಂಪು ಕಟ್ಟಿಕೊಂಡ ಗಂಡಸರು ಬಗೀಚಾದ ಗೇಟು ತೆರೆದರು.

“ಏನ್ ಹೊಡ್ಯಾಕತ್ತೀರಪ್ಪಾ?” ಆಯಿ ಓಡಿಹೋಗಿ ಕೇಳಿದಳು.

“ದವಾ ರೀ ಆಯಿ. ಗುತ್ತೇದಾರ್ರು ಕಳಿಸ್ಯಾರ” ಎಂದ ಒಬ್ಬ.

“ಬಂದ್ರೇನಪ್ಪಾ ಕಡೀಕರ! ನಿಮ್ಮ ದಾರಿ ನೋಡಿ ನೋಡಿ ಕಣ್ಣು ಸೋತು.”

ನಮ್ಮ ಕಡೆ ದವಾ ಅಂದರೆ ಎಲ್ಲವೂ ದವಾ. ಜ್ವರದ ಗುಳಿಗೆ, ಕಣ್ಣಿಗೆ ಬಿಡುವ ಹನಿ, ಹೇನಿಗೆ ಹಚ್ಚುವುದು, ಎಮ್ಮೆಗೆ ಕುಡಿಸುವುದು, ಸೊಳ್ಳೆಗೆ ಹೊಡೆಯುವುದು. ಆ ಮನುಷ್ಯ ಸುಳ್ಳು ಹೇಳಲಿಲ್ಲ. ನಮ್ಮವರೂ ಮತ್ತೆ ಕೇಳಲಿಲ್ಲ. ಅವರಿಗೆ ಚಹಾ ಕೊಟ್ಟರು. ‘ನಮ್ಮ ಗಟಾರಕ್ಕೂ ಹೊಡೀರಿ’, ‘ನಮ್ಮ ಹಿತ್ತಲಕ್ಕೂ ಹೊಡೀರಿ’ ಎಂದು ಕೈ ಹಿಡಿದು ಎಳೆದರು. ತುಳಸಿ ಕಟ್ಟೆಯಲ್ಲೇ ಸೊಳ್ಳೆ ಅಡಗುತ್ತವೆ ಎಂದು ಯಾರೋ ಹೇಳಿದ್ದೇ ತಡ, ಓಣಿಯ ತುಳಸಿಗಳಿಗೆಲ್ಲ ದವಾ ಬಿತ್ತು. “ಭಾಯ್, ಹಮಾರೆ ಗುಲಾಬ್ ಕು ಭೀ ಜರಾ” ಎಂದು ನೂರ್ ಭಾಬಿ ಗುಲಾಬಿಗೂ ಹೊಡೆಸಿಕೊಂಡಳು.

ಮಕ್ಕಳಾದ ನಮಗೆ ಅದೊಂದು ಹಬ್ಬ. ತುಂತುರಿನೊಳಗೆ ಆಕಡೆಯಿಂದ ಈಕಡೆಗೆ ಓಡುವುದೇ ಆಟ. ಇನ್ನೂ ಸರಿಯಾಗಿ ಮಾತು ಬಾರದ ನನ್ನ ತಮ್ಮ ರಾಜು ಒದ್ದೆ ಹುಲ್ಲಿನ ಮೇಲೆ ಬರಿಗಾಲಲ್ಲಿ ಕುಣಿದ. ಅವನ ಚಡ್ಡಿ ತೊಯ್ದು ಕಾಲಿಗೆ ಅಂಟಿತ್ತು. ಅವ್ವ ಕರೆದುಕೊಳ್ಳಲು ಬಂದರೆ ಆಯಿಯೇ ತಡೆದಳು.

“ಇರಲಿ ಬಿಡವ್ವ, ಮೈಗೆ ಹತ್ತಲಿ. ಸೊಳ್ಳಿ ಹಾಯಂಗಿಲ್ಲ.”

ನಾಲ್ಕಾರು ದಿನ ಏನೂ ಆಗಲಿಲ್ಲ. ಸೊಳ್ಳೆಗಳು ಕೂಡ ಮೊದಲಿನಂತೆಯೇ ಕಡಿಯುತ್ತಿದ್ದವು. ಆಮೇಲೆ ತುಳಸಿ ಲಗ್ನದ ಹಿಂದಿನ ದಿನ ಅವ್ವ ಕಟ್ಟೆ ಸಾರಿಸಲು ಹೋದವಳು ನಿಂತಲ್ಲೇ ನಿಂತಳು. ತುಳಸಿ ಹಳದಿಯಾಗಿತ್ತು. ಅಂಚಿನಿಂದ ಶುರುವಾಗಿ ನಡುವಿನವರೆಗೆ, ತುದಿಯ ಕುಡಿ ಸುರುಟಿಕೊಂಡಿತ್ತು. ಮದುವೆಯ ಹಿಂದಿನ ದಿನ ಮದುಮಗಳು ಸಾಯುವುದೆಂದರೇನು? ಅವ್ವ ಸದ್ದಿಲ್ಲದೆ ಸೆರಗು ಮರೆ ಮಾಡಿಕೊಂಡು ಇನ್ನೊಂದು ಪಕ್ಕದ ಮನೆಯ ಕಟ್ಟೆ ಇಣುಕಿದಳು. ಅಲ್ಲಿಯೂ ಹಳದಿ. ಅದರಾಚೆಯ ಮನೆಯಲ್ಲೂ ಹಳದಿ. ಯಾರೋ ಮೈಲಿಗೆಯಲ್ಲಿ ಮುಟ್ಟಿದ್ದಾರೆ ಎಂದು ಓಣಿಯಲ್ಲಿ ಗುಸುಗುಸು ಎದ್ದಿತು. ಒಬ್ಬರ ಮೇಲೊಬ್ಬರು ಗುಮಾನಿ ಪಟ್ಟರು. ಸಂಜೆಯೊಳಗೆ ಎರಡು ಮನೆಗಳ ನಡುವೆ ಮಾತೂ ನಿಂತಿತು.

ಅದೇ ಸಂಜೆ ಹುಲಸೂರಿನಿಂದ ಮಾಮಾ ಬಂದ. ಅವ್ವನ ತಮ್ಮ, ಒಕ್ಕಲುತನ ಮಾಡುವವನು. ತುಳಸಿಯ ಮಂಟಪಕ್ಕೆಂದು ಪ್ರತಿವರ್ಷ ಕಬ್ಬಿನ ಹೊರೆ ತರುತ್ತಿದ್ದ. ಹೊರೆಯನ್ನು ಹೆಗಲ ಮೇಲಿಟ್ಟುಕೊಂಡೇ ಬಗೀಚಾದ ಕಡೆ ನೋಡಿದ. ಹುಲ್ಲೆಲ್ಲ ಬೆಂಕಿ ತಾಗಿದಂತೆ ಕಂದಾಗಿತ್ತು, ನಾವು ಚಳಿಗೆ ಒಣಗಿದೆ ಎಂದುಕೊಂಡಿದ್ದೆವು.

“ಅಕ್ಕಾ, ಇಲ್ಲಿ ಎಣ್ಣಿ ಯಾರು ಹೊಡದ್ರು?”

“ಎಣ್ಣಿ ಅಲ್ಲೋ. ಸೊಳ್ಳಿಗೆ ದವಾ ಹೊಡದಾರ.”

“ಎಲ್ಲೀ ಸೊಳ್ಳಿ! ಇದು ಹುಲ್ಲು ಸುಡೋ ಎಣ್ಣಿ ಅದ. ಹೊಲದಾಗ ಕಸಕ್ಕ ನಾವೂ ಹೊಡಿತೀವಿ.”

ದವಾ ಎಂಬುದು ದವಾಖಾನೆಯ ಮಾತು. ಎಣ್ಣೆ ಎಂದರೆ ಹೊಲಕ್ಕೆ ಹೊಡೆಯುವ ವಿಷ, ಅದನ್ನು ನಮ್ಮ ಮನೆಯಲ್ಲಿ ದನಿ ತಗ್ಗಿಸಿ ಆಡುತ್ತಿದ್ದರು. ಹಿಂದಿನ ಓಣಿಯ ಒಬ್ಬ ಹೆಣ್ಣುಮಗಳ ಮನೆಗೆ ಬೀಗ ಬಿದ್ದಾಗ ‘ಎಣ್ಣಿ ತಗೊಂಡ್ಳಂತ’ ಎಂದು ಅವ್ವ ಆಯಿಯ ಕಿವಿಯಲ್ಲಿ ಹೇಳಿದ್ದನ್ನು ನಾನು ಕೇಳಿದ್ದೆ. ಆಯಿ ತಕ್ಷಣ ನನ್ನ ಕಿವಿ ಮುಚ್ಚಿದ್ದಳು. ಅಂಥ ಎಣ್ಣೆ ನನ್ನ ಮೈಮೇಲೆ ಬಿದ್ದಿತ್ತು, ರಾಜುವಿನ ಮೈಮೇಲೆ ಬಿದ್ದಿತ್ತು. ಹುಲ್ಲಿಗೆ ಹಳದಿಯಾಗಲು ಒಂದು ವಾರ ಬೇಕಾದರೆ ಮಕ್ಕಳಿಗೆ ಎಷ್ಟು ದಿನ ಬೇಕು? ಬಾಯಿಬಿಟ್ಟು ಕೇಳಲು ಧೈರ್ಯ ಬರಲಿಲ್ಲ.

ಮರುದಿನ ತುಳಸಿಗೆ ಲಗ್ನವಾಗಲಿಲ್ಲ. ಅದೇ ದಿನ ಅವ್ವ ರಾಜುವಿಗೆ ಎರೆಯುವಾಗ ಅವನ ಮೊಣಕಾಲಿನ ಕೆಳಗೆ ಕೆಂಪು ದದ್ದು ಕಂಡಿತು. ರಾತ್ರಿಯ ಹೊತ್ತಿಗೆ ಜ್ವರವೂ ಬಂತು. ಅಪ್ಪ ಕಬ್ಬಿನ ಲಾರಿಯ ಡ್ರೈವರ್. ಹಳ್ಳಿಖೇಡದ ಕಾರ್ಖಾನೆಯಲ್ಲಿ ಆಗ ಕಬ್ಬು ನುರಿಸುವ ಕಾಲ, ಅವನ ಮೊಬೈಲು ಹತ್ತಲಿಲ್ಲ. ಮಾಮಾನೇ ರಾಜುವನ್ನು ಎತ್ತಿಕೊಂಡು ದವಾಖಾನೆಗೆ ಓಡಿದ. ಡಾಕ್ಟರು ಸೋಪು ಹಚ್ಚಿ ಚೆನ್ನಾಗಿ ತೊಳೆಯಿರಿ ಎಂದರು, ಮುಲಾಮು ಬರೆದುಕೊಟ್ಟರು. ಜ್ವರ ಎಣ್ಣೆಯದೋ ಸೊಳ್ಳೆಯದೋ ಈಗಲೇ ಹೇಳಲಾಗದು, ನೋಡೋಣ ಎಂದರು.

ಆ ‘ನೋಡೋಣ’ ಎಂಬುದಿದೆಯಲ್ಲ, ಅದರಷ್ಟು ಅಂಜಿಸುವ ಮಾತು ನಾನು ಇನ್ನೊಂದು ಕೇಳಿಲ್ಲ. ನೋಡುವ ಕೆಲಸವನ್ನು ನಾನೇ ವಹಿಸಿಕೊಂಡೆ. ಎದ್ದೊಡನೆ ರಾಜುವಿನ ಉಗುರು ನೋಡುತ್ತಿದ್ದೆ, ರೆಪ್ಪೆ ಎಳೆದು ಕಣ್ಣು ನೋಡುತ್ತಿದ್ದೆ, ಕಿವಿಯ ಅಂಚು ನೋಡುತ್ತಿದ್ದೆ. ತುಳಸಿ ಅಂಚಿನಿಂದಲೇ ಹಳದಿಯಾಗಿತ್ತಲ್ಲ! ಆಮೇಲೆ ಕದ್ದು ಕನ್ನಡಿಯಲ್ಲಿ ನನ್ನ ಕಿವಿಯನ್ನೂ ನೋಡಿಕೊಳ್ಳುತ್ತಿದ್ದೆ. ಶಾಲೆಯಲ್ಲಿ ಮಗ್ಗಿ ಒಪ್ಪಿಸುತ್ತ ನಡುವೆಯೇ ಅಳು ಬಂದು ಮಾಸ್ತರು ಗಾಬರಿಯಾಗಿ ಕೂರಿಸಿದರು.

ಆಯಿಯಂತೂ ಹಗಲೆಲ್ಲ ಕೂಸಿನ ಕಾಲು ತೊಡೆಯ ಮೇಲಿಟ್ಟುಕೊಂಡು ಕುಳಿತಿರುತ್ತಿದ್ದಳು. “ನಾನ ಅಂದೆ ನೋಡು, ಮೈಗೆ ಹತ್ತಲಿ ಅಂತ. ಈ ಬಾಯಿಲೆ ಅಂದೆ” ಎಂದು ತನ್ನ ಬಾಯಿಗೆ ತಾನೇ ಹೊಡೆದುಕೊಂಡಳು. ಅವ್ವ ಆಕೆಯ ಕೈ ಹಿಡಿದುಕೊಂಡಳು. ಅತ್ತೆ-ಸೊಸೆ ಕೂಡಿ ಅತ್ತದ್ದನ್ನು ನಾನು ಕಂಡದ್ದು ಅದೇ ಮೊದಲು.

ರಾಜುವಿನ ಜ್ವರ ಇಳಿಯಿತು. ದದ್ದು ಮಾತ್ರ ಒಂದು ಕಡೆ ಮಾಯ್ದರೆ ಇನ್ನೊಂದು ಕಡೆ ಏಳುತ್ತಿತ್ತು. ಅಷ್ಟರಲ್ಲಿ ಬಗೀಚಾದ ಮರಗಳ ಬೊಡ್ಡೆಯ ಮೇಲೆ ಯಾರೋ ಕೆಂಪು ಬಣ್ಣದ ಗುರುತು ಹಾಕಿ ಹೋದರು. ರಾಜುವಿನ ಕಾಲ ಮೇಲಿನ ಕೆಂಪೂ ಇದೂ ಒಂದೇ, ಹೋಗಬೇಕಾದವರಿಗೆ ಹೀಗೆ ಗುರುತು ಬೀಳುತ್ತದೆ ಎಂದು ನನ್ನ ಲೆಕ್ಕ.

ಗುತ್ತೇದಾರ ಬಂದ ದಿನ ಓಣಿಯ ಹೆಂಗಸರೆಲ್ಲ ಅವನ ಜೀಪಿನ ಸುತ್ತ ನಿಂತರು. ತುಳಸಿಯ ಜಗಳದಿಂದ ಮಾತು ಬಿಟ್ಟಿದ್ದವರೂ ಪಕ್ಕಪಕ್ಕದಲ್ಲೇ ನಿಂತಿದ್ದರು. ಬಿಳಿ ಅಂಗಿ, ಹೆಗಲಿಗೆ ಶಾಲು, ನಗುಮುಖದ ಮನುಷ್ಯ.

“ಹೊಸಾ ಬಗೀಚಾ ಮಾಡಾಕತ್ತೀವ್ರಿ ನಿಮಗ. ಫರಸಿ ಕಲ್ಲು ಹಾಸ್ತೀವಿ, ಕಾರಂಜಿ ಬರ್ತದ, ಲೈಟು ಬರ್ತಾವ. ಇನ್ನೊಮ್ಮಿ ದವಾ ಹೊಡದ್ರ ಹುಲ್ಲಿನ ಬೇರು ಸುದ್ದಾ ಉಳ್ಯಂಗಿಲ್ಲ. ಆಮ್ಯಾಲ ಈ ಗುರ್ತು ಹಾಕಿದ ಗಿಡ ತಗದಬಿಡ್ತೀವಿ.”

“ನಮ್ಮ ಕೂಸಿನ ಕಾಲು ನೋಡ್ರಿ ಸಾಹುಕಾರ್ರ” ಎಂದು ಆಯಿ ರಾಜುವನ್ನು ಎತ್ತಿ ತೋರಿಸಿದಳು.

“ಏ, ಅದು ಬ್ಯಾರೆ ಏನರ ಇರಬೇಕು. ಮನಷ್ಯಾರಿಗೆ ಏನೂ ಮಾಡಂಗಿಲ್ರಿ ಆಯಿ. ದವಾ ಅದ ಅದು.”

ಅಂದಿನಿಂದ ಹೆಂಗಸರು ಸರದಿಯ ಮೇಲೆ ಗೇಟಿನ ಬಳಿ ಕೂರಲು ಶುರುಮಾಡಿದರು. ಅಕ್ಕಿ ಆರಿಸುವುದು ಅಲ್ಲೇ, ಹೇನು ತೆಗೆಯುವುದು ಅಲ್ಲೇ, ಕೌದಿ ಹೊಲಿಯುವುದೂ ಅಲ್ಲೇ. ಪಂಪಿನವರು ಒಮ್ಮೆ ಬಂದು, ಇವರ ಬಾಯಿಗೆ ಹೆದರಿ ಹಿಂತಿರುಗಿದರು. ಗುತ್ತೇದಾರ ಜಾಣ. ಯಾರೂ ಇಲ್ಲದ ದಿನ ನೋಡಿ ಕೆಲಸ ಮುಗಿಸುವುದೆಂದು ಎಳ್ಳ ಅಮಾವಾಸ್ಯೆಯನ್ನು ಆರಿಸಿಕೊಂಡ. ನಮ್ಮ ಕಡೆ ಎಳ್ಳಮಾಸಿ ಅಂದರೆ ಊರಿಗೆ ಊರೇ ಹೊಲದಲ್ಲಿರುತ್ತದೆ. ಅಂಗಡಿಗೆ ಬೀಗ, ಓಣಿಯಲ್ಲಿ ನಾಯಿ ಕೂಡ ಇರುವುದಿಲ್ಲ. ಅವನ ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಹೊಲವಿದ್ದವನ ಲೆಕ್ಕ ಅದು. ಹೊಲವಿಲ್ಲದವರು ಆ ದಿನ ಎಲ್ಲಿಗೆ ಹೋಗುತ್ತಾರೆ ಎಂಬುದು ಅವನ ತಲೆಗೆ ಹೊಳೆದಿರಲಿಲ್ಲ. ನಮ್ಮ ಓಣಿಯವರು ಮೊದಲಿನಿಂದಲೂ ಬುಟ್ಟಿ ಹೊತ್ತು ಹೋಗುತ್ತಿದ್ದುದು ಅದೇ ಬಗೀಚಾಕ್ಕೆ. ಉಣ್ಣುವ ಮೊದಲು ಹುಣಸೆಯ ಬುಡಗಳ ಸುತ್ತಲೇ ಭೂತಾಯಿಯ ಪಾಲೆಂದು ಚರಗ ಚೆಲ್ಲುತ್ತಿದ್ದೆವು.

ಆ ವರ್ಷ ಸುಟ್ಟ ಹುಲ್ಲಿನ ಮೇಲೆ ಚಾದರ ಹಾಸಿದರು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಅಂಬಲಿ, ಹಸಿ ಕಡಲೆ ಅವರೆ ತೊಗರಿ ಹತ್ತೆಂಟು ಪಲ್ಲೆ ಕೂಡಿಸಿ ಕುದಿಸಿದ ಭಜ್ಜಿ. ಬುಟ್ಟಿ ಬಿಚ್ಚುವುದಕ್ಕೂ ಜೀಪು ಬರುವುದಕ್ಕೂ ಸರಿಹೋಯಿತು. ಹಿಂದೆ ಟೆಂಪೋದಲ್ಲಿ ಗರಗಸ, ಹಗ್ಗ, ಮರ ಕಡಿಯುವವರು. ಬೆನ್ನಿಗೆ ಪಂಪು ಕಟ್ಟಿಕೊಂಡವನೂ ಇದ್ದ. ನಾನು ರಾಜುವನ್ನು ಅಪ್ಪಿಕೊಂಡು ಅವ್ವನ ಬೆನ್ನ ಹಿಂದೆ ಸರಿದೆ. ಈಗ ಬಡಿದಾಟ ಆಗುತ್ತದೆ ಎಂದುಕೊಂಡೆ.

ಆಯಿ ಎದ್ದು ನಿಂತು ಕೈ ಮುಗಿದಳು.

“ಬರ್ರಿ, ಬರ್ರಿ. ಎಳ್ಳಮಾಸಿ ದಿನ ಬಂದೀರಿ, ಉಣದ ಹ್ಯಾಂಗ ಹೋಗ್ತೀರಿ? ಕುಂದರ್ರಿ ಎಲ್ಲಾರೂ.”

ಆ ದಿನ ಹೊಲಕ್ಕೆ ಬಂದವನು ವೈರಿಯಾದರೂ ಉಂಡೇ ಹೋಗಬೇಕು, ಕರೆದರೆ ಇಲ್ಲವೆನ್ನಬಾರದು. ಮರ ಕಡಿಯುವವರು ಒಬ್ಬರ ಮುಖ ಒಬ್ಬರು ನೋಡಿ, ಗರಗಸ ಕೆಳಗಿಟ್ಟು ಕೂತರು. ಹಬ್ಬದ ದಿನ ಮನೆ ಬಿಟ್ಟು ಬಂದವರು, ಪಾಪ. ಗುತ್ತೇದಾರನೂ ನಗುತ್ತ ಶಾಲು ಹಾಸಿ ಕೂತ. ಆಯಿ ಬೇರೆ ಗಡಿಗೆಯೊಂದರಿಂದ ಭಜ್ಜಿ ಬಡಿಸಿದಳು. ರೊಟ್ಟಿ ಮುರಿದು ಅವರೆಲ್ಲ ಅದ್ದಬೇಕೆನ್ನುವಾಗ ಮಾತು ತೆಗೆದಳು.

“ಭಜ್ಜ್ಯಾಗ ಈ ಬಗೀಚಾದ ಪಲ್ಲೆ ಹಾಕೀನ್ರಿ. ನೀವು ದವಾ ಹೊಡಿಸಿದ್ದು.”

ರೊಟ್ಟಿ ಹಿಡಿದ ಕೈಗಳು ಇದ್ದಲ್ಲೇ ನಿಂತವು.

“ಯಾಕ್ರೀ? ಮನಷ್ಯಾರಿಗೆ ಏನೂ ಮಾಡಂಗಿಲ್ಲ ಅಂದ್ರಿ. ಉಣ್ರಿ.”

“ಆಯೀ, ಚೇಷ್ಟಿ ಮಾಡ್ತೀರಿ ನೀವು” ಎಂದ ಗುತ್ತೇದಾರ. ನಗು ಇನ್ನೂ ಮುಖದ ಮೇಲಿತ್ತು, ಕೈ ಮಾತ್ರ ಹಿಂದೆ ಸರಿದಿತ್ತು.

“ಚೇಷ್ಟಿ ಯಾಕ ಮಾಡ್ಲಿ? ನೋಡ್ರಿ, ನಾ ಮದ್ಲ ಉಣ್ತೀನಿ.”

ಅದೇ ಗಡಿಗೆಯ ಭಜ್ಜಿಗೆ ರೊಟ್ಟಿ ಅದ್ದಿ ಆಯಿ ಬಾಯಿಗಿಟ್ಟುಕೊಂಡಳು. ನಾನು ಕಿರುಚಿದೆ. ರಾಜುವನ್ನು ಬಿಟ್ಟು ಓಡಿಹೋಗಿ ಆಕೆಯ ಕೈಗೆ ಜೋತುಬಿದ್ದೆ. “ಉಗುಳ ಆಯಿ, ಉಗುಳ” ಎಂದು ಗದ್ದ ಹಿಡಿದು ಅಲುಗಿಸಿದೆ. ಆಯಿ ನನ್ನನ್ನು ಬಗಲಿಗೆ ಒತ್ತಿಕೊಂಡು, ಗುತ್ತೇದಾರನನ್ನೇ ನೋಡುತ್ತ, ಅಗಿದು ನುಂಗಿದಳು. ಆಕೆಯ ಎದೆ ಹೊಡೆದುಕೊಳ್ಳುವುದು ನನ್ನ ಕೆನ್ನೆಗೆ ತಾಗುತ್ತಿತ್ತು.

ಗುತ್ತೇದಾರ ರೊಟ್ಟಿಯ ತುಂಡನ್ನು ತಾಟಿನಲ್ಲಿಟ್ಟು ಎದ್ದ. ಮರ ಕಡಿಯುವವರೂ ಎದ್ದರು. ಅವರಲ್ಲಿ ಹಿರಿಯನಾದವನು ತಾಟಿಗೆ ಕೈಮುಗಿದು, ಗರಗಸವನ್ನು ಟೆಂಪೋದಲ್ಲಿ ಇಟ್ಟ.

“ಏ, ಎಲ್ಲಿಗೆ?” ಗುತ್ತೇದಾರ ಕೂಗಿದ.

“ಎಳ್ಳಮಾಸಿ ದಿನ ತಾಟು ಬಿಟ್ಟು ಎದ್ದೀವ್ರಿ ಸಾಹುಕಾರ್ರ. ಈ ಜಾಗಾದಾಗ ಗಿಡಕ್ಕ ಕೈ ಹಚ್ಚೂದು ನಮ್ಮಿಂದ ಆಗಂಗಿಲ್ಲ. ಬ್ಯಾರೇದವ್ರನ್ನ ನೋಡ್ಕೊರಿ.”

ಬೇರೆಯವರು ಸಿಗಲಿಲ್ಲವೋ, ಈ ಸುದ್ದಿ ಬೇರೆ ಓಣಿಗಳಿಗೂ ಹಬ್ಬಿ ಅಲ್ಲಿಯ ಹೆಂಗಸರೂ ಬಂದು ಕೂರತೊಡಗಿದ್ದಕ್ಕೋ, ಮರ ಕಡಿಯುವ ಮಾತು ಅಲ್ಲಿಗೇ ನಿಂತಿತು. ಪಂಪಿನವರೂ ಮತ್ತೆ ಬರಲಿಲ್ಲ. ಅದೆಲ್ಲ ಆಮೇಲಿನ ಮಾತು. ಅಂದು ಎಲ್ಲರೂ ಗೆದ್ದೆವೆಂದು ನಗುತ್ತಿದ್ದರೆ ನಾನೊಬ್ಬಳೇ ಆಯಿಯ ಮುಖದ ಮೇಲೆ ಕಣ್ಣು ನೆಟ್ಟು ಕೂತಿದ್ದೆ. ಅವ್ವನಿಗೆ ನಗು ತಡೆಯಲಾಗಲಿಲ್ಲ.

“ಹುಚ್ಚಿ, ಪಲ್ಲೆ ಎಲ್ಲಾ ಕಲ್ಯಾಣದಿಂದ ಬಂದದ್ದು. ಆಯಿ ತಂಗಿ ತನ್ನ ಹೊಲದ್ದು ಕಿತ್ತು ಮುಂಜಾನಿ ಬಸ್ಸಿಗೆ ಕಳಿಸ್ಯಾಳ. ನಿಮ್ಮ ಆಯಿ ನಾಟಕ ಅದು.”

ಹೋದ ಜೀವ ಬಂತು. ನಳದ ಬಳಿ ಗಡಿಗೆ ತೊಳೆಯುತ್ತಿದ್ದ ಆಯಿಯ ಹತ್ತಿರ ಓಡಿ, ಗುಟ್ಟು ತಿಳಿಯಿತೆಂದು ಬೆನ್ನಿಗೆ ಗುದ್ದಿದೆ. ಆಯಿ ನಗಲಿಲ್ಲ. ಅವ್ವ ದೂರದಲ್ಲಿರುವುದನ್ನು ನೋಡಿಕೊಂಡು ಮೆಲ್ಲಗೆ ಹೇಳಿದಳು.

“ಕಲ್ಯಾಣದ್ದು ಖರೆ ಅದ. ಆದ್ರ ಈ ನಳದ ಹಿಂದ ಒಂದು ಕಡ್ಡಿ ರಾಜಗಿರಿ ಉಳದಿತ್ತು. ಅದನ್ನ ಹರದು ಆ ಗಡಿಗ್ಯಾಗ ಹಾಕಿದ್ದೆ.”

“ಯಾಕ ಆಯಿ?”

“ಎಳ್ಳಮಾಸಿ ದಿನ ಊಟಕ್ಕ ಕುಂತವರ ಮುಂದ ಸುಳ್ಳು ಹೇಳ್ಲೇನವ್ವ?”

“ಅವ್ರು ಉಂಡಿದ್ರ?”

“ಉಣಾಕ ಬಿಡ್ತಿದ್ನೇನು? ಅದಕ್ಕ ಮದ್ಲ ಹೇಳಿದೆ. ನಿಮ್ಮವ್ವಗ ಹೇಳಬ್ಯಾಡ ಮತ್ತ.”

ಹೇಳಲಿಲ್ಲ. ಆ ಒಂದು ಕಡ್ಡಿಯ ಭಯವನ್ನು ಸಂಕ್ರಾಂತಿ ಕಳೆಯುವವರೆಗೂ ಒಬ್ಬಳೇ ಹೊತ್ತು ತಿರುಗಿದೆ. ಮುಂಜಾನೆ ಆಯಿ ಬಸಿಯಲ್ಲಿ ಚಹಾ ಕುಡಿಯುವಾಗ ಎದುರಿಗೆ ಕೂತು ಅವಳ ಕಣ್ಣನ್ನೇ ನೋಡುತ್ತಿದ್ದೆ. ಒಂದು ದಿನ ಸಿಕ್ಕಿಬಿದ್ದೆ.

“ಏನ್ ನೋಡಾಕತ್ತೀ?”

“ಹಳದಿ ಆಗೀ ಏನು ಅಂತ.”

ಆಯಿ ಬಸಿ ಕೆಳಗಿಟ್ಟು ನನ್ನನ್ನು ಎಳೆದುಕೊಂಡಳು. “ನನಗೂ ಭಾಳ ಅಂಜಿಕಿ ಆಗಿತ್ತವ್ವ” ಎಂದಳು. ದೊಡ್ಡವರೂ ಅಂಜುತ್ತಾರೆಂದು ನನಗೆ ಗೊತ್ತಾದದ್ದು ಆಗಲೇ. ಅದರಿಂದ ಸಮಾಧಾನವೇನೂ ಆಗಲಿಲ್ಲ. ಅಂಜಿಕೆ ಇನ್ನೂ ಹೆಚ್ಚಾಯಿತು.

ಆಯಿಗೆ ಏನೂ ಆಗಲಿಲ್ಲ. ಅದಾದ ಮೇಲೂ ಎಷ್ಟೋ ವರ್ಷ ಬದುಕಿ, ವಯಸ್ಸಾಗಿಯೇ ಹೋದಳು. ರಾಜುವಿನ ದದ್ದೂ ಬೇಸಿಗೆಯೊಳಗೆ ಮಾಯಿತು, ಈಗ ಅವನೂ ಲಾರಿ ನಡೆಸುತ್ತಾನೆ. ನನ್ನನ್ನು ಬಸವಕಲ್ಯಾಣಕ್ಕೆ ಕೊಟ್ಟರು. ತವರಿಗೆ ಬಂದಾಗಲೆಲ್ಲ ಬಗೀಚಾಕ್ಕೆ ಹೋಗುತ್ತೇನೆ. ಅರ್ಧ ಜಾಗಕ್ಕೆ ಫರಸಿ ಬಿದ್ದಿದೆ. ಮರಗಳೆಲ್ಲ ಹಾಗೆಯೇ ನಿಂತಿವೆ, ನೆರಳು ಮೊದಲಿಗಿಂತ ದಟ್ಟವಾಗಿದೆ. ಮರುವರ್ಷದ ಮಳೆಗೇ ಹುಲ್ಲು ತಿರುಗಿ ಬಂದಿತ್ತು, ಪಲ್ಲೆಯೂ ಹುಟ್ಟಿತ್ತು. ಆದರೆ ಅದನ್ನು ಕೀಳಲು ಯಾರೂ ಬಗ್ಗಲಿಲ್ಲ. ಆಯಿಯೂ ಬಗ್ಗಲಿಲ್ಲ. ಸಾಯುವವರೆಗೂ ಸಂತೆಯ ಪಲ್ಲೆಯನ್ನು ಕೂಡ ಮೂಸಿ ನೋಡಿ, ಮೂರು ನೀರಿನಲ್ಲಿ ತೊಳೆದೇ ಒಲೆಗೆ ಏರಿಸುತ್ತಿದ್ದಳು.

ಮೊನ್ನೆ ಮಗಳನ್ನು ಕರೆದುಕೊಂಡು ಹೋಗಿದ್ದೆ. ಇನ್ನೂ ಶಾಲೆಗೆ ಸೇರದ ಹುಡುಗಿ. ಗೋಡೆಯ ಬುಡದಲ್ಲಿ ಪುಟ್ಟ ಹುಳಿ ಎಲೆ ಬೆಳೆದಿದ್ದನ್ನು ಕಂಡು ಒಂದನ್ನು ಕಿತ್ತಳು. ಬಾಯಿಗೆ ಹಾಕಿಕೊಳ್ಳಲಿಲ್ಲ. ಅಂಗೈ ಮೇಲಿಟ್ಟುಕೊಂಡು ನನ್ನ ಹತ್ತಿರ ತಂದಳು.

“ಅವ್ವಾ, ಇದಕ್ಕ ಎಣ್ಣಿ ಹೊಡದಾರೇನು? ತಿನ್ನಲ್ಯಾ?”

ಕೇಳಿ ತಿನ್ನಬೇಕೆಂದು ಅವಳಿಗೆ ಕಲಿಸಿದವಳು ನಾನೇ. ನಾವು ಯಾರನ್ನೂ ಕೇಳುತ್ತಿರಲಿಲ್ಲ. ಮರಗಳನ್ನು ಉಳಿಸಿಕೊಂಡೆವು, ಆ ಕೇಳದೆ ತಿನ್ನುವುದನ್ನು ಉಳಿಸಿಕೊಳ್ಳಲು ನಮ್ಮಿಂದ ಆಗಲಿಲ್ಲ. ಹೊಡೆದಿಲ್ಲ ಎನ್ನಲು ನನಗೇನು ಗೊತ್ತು? ಹೊಡೆದಿದ್ದಾರೆ ಎನ್ನಲಾದರೂ ಏನು ಗೊತ್ತು?

“ಬ್ಯಾಡವ್ವ, ಚೆಲ್ಲು” ಎಂದೆ.

ಅವಳು ಹಟ ಮಾಡಲಿಲ್ಲ, ಯಾಕೆಂದೂ ಕೇಳಲಿಲ್ಲ. ಎಲೆಯನ್ನು ಅಲ್ಲೇ ಚೆಲ್ಲಿ, ಅಂಗೈಯನ್ನು ಫ್ರಾಕಿಗೆ ಚೆನ್ನಾಗಿ ಒರೆಸಿಕೊಂಡಳು.